ವಾಪಸ್ ಬರುವುದಕ್ಕೆ ಪುರಾವೆ

ನೀರಿನ ಬಾಟಲಿ ಒಳಗೆ ತರುವ ಹಾಗಿಲ್ಲವಂತೆ, ಕಾವಲುಗಾರ ಅದನ್ನು ನನ್ನ ಚೀಲದಿಂದ ಎತ್ತಿ ಬಾಗಿಲ ಪಕ್ಕದ ಮೇಜಿನ ಮೇಲಿಟ್ಟ, ಅಲ್ಲಿ ಆಗಲೇ ಹತ್ತಾರು ಬಾಟಲಿ ನಿಂತಿವೆ, ಎಲ್ಲದರಲ್ಲೂ ಅರ್ಧರ್ಧ ನೀರು, ಹೊರಗೆ ಬಂದ ಮೇಲೆ ಯಾರದು ಯಾವುದು ಅಂತ ತಿಳಿಯುವುದು ಹೇಗೆ, ತಿಳಿಯದಿದ್ದರೆ ಬೇಡ ಬಿಡು, ನೀರು ತಾನೆ, ನನ್ನ ಗಂಟಲಿಗೇನಾಗಿದೆ, ಮನೆಯಲ್ಲಿ ಇವರಿಗಾದರೆ ಬರೀ ನೀರು ಕೊಡುವ ಹಾಗಿಲ್ಲ, ಪುಡಿ ಬೆರೆಸಿ ಮಂದ ಮಾಡಿಯೇ ಕೊಡಬೇಕು, ಇಲ್ಲದಿದ್ದರೆ ದಾರಿ ತಪ್ಪಿ ಶ್ವಾಸನಾಳಕ್ಕೆ ಇಳಿಯುತ್ತದೆ, ಗಂಟು ಕಟ್ಟದ ಹಾಗೆ ಕಲಸು ಅಂತ ನಾದಿನಿಗೆ ಹೇಳಿ ಬಂದಿದ್ದೇನೆ, ಹೇಳಿದ್ದನ್ನೇ ಹೇಳಿ ಅವಳಿಗೂ ಸಾಕಾಗಿತ್ತು, ಗೊತ್ತಾಯ್ತು ಅತ್ತಿಗೆ, ನಮ್ಮಣ್ಣನ್ನ ನಾನು ನೋಡ್ಕೊಳ್ತೀನಿ, ನೀವು ಮೊದಲು ಆ ವೀಸಾ ಕೆಲಸ ಮುಗಿಸ್ಕೊಂಡು ಬನ್ನಿ — ಬಂದಿದ್ದೇನೆ, ಕೂತಿದ್ದೇನೆ, ಗೋಡೆಯ ಮೇಲಿನ ಪರದೆಯಲ್ಲಿ ನಂಬರು ಬದಲಾದಾಗಲೆಲ್ಲ ಎಲ್ಲರೂ ತಮ್ಮ ಚೀಟಿ ನೋಡಿಕೊಳ್ಳುತ್ತಾರೆ, ಚೀಟಿಯ ನಂಬರೇ ಅಷ್ಟರಲ್ಲಿ ಬದಲಾಗಿಬಿಡಬಹುದು ಎನ್ನುವ ಹಾಗೆ, ನಾನೂ ನೋಡಿಕೊಳ್ಳುತ್ತೇನೆ. ಪಕ್ಕದ ಮುದುಕ ಕೆಮ್ಮಿದ, ಒಣ ಕೆಮ್ಮು, ಪರವಾಗಿಲ್ಲ, ಗಂಟಲಲ್ಲಿ ಏನೂ ನಿಂತಿಲ್ಲ. ಇದೊಂದು ಕೆಟ್ಟ ಚಾಳಿ ಅಂಟಿಕೊಂಡಿದೆ ನನಗೆ, ಮದುವೆ ಮನೆಗೆ ಹೋದರೂ ಪಂಕ್ತಿಯಲ್ಲಿ ಕೂತವರ ಗಂಟಲನ್ನೇ ನೋಡುತ್ತೇನೆ, ಮೇಲೆ ಹೋಯಿತಾ, ಕೆಳಗೆ ಇಳಿಯಿತಾ, ಎಷ್ಟು ಹೊತ್ತು ತೆಗೆದುಕೊಂಡಿತು, ನಿನ್ನ ಜೊತೆ ಊಟಕ್ಕೆ ಕೂರೋದಂದ್ರೆ ಪರೀಕ್ಷೆಗೆ ಕೂತ ಹಾಗೆ ಅಂತ ಇವರು ರೇಗಿಸುತ್ತಿದ್ದರು, ಆಗ ಇವರಿಗೆ ಬಾಯಿ ತುಂಬ ಮಾತಿತ್ತು.

ನುಂಗುವುದನ್ನು ಕಲಿಸುವುದು ನನ್ನ ಕೆಲಸ. ಪಾರ್ಶ್ವವಾಯು ಹೊಡೆದು ಆಸ್ಪತ್ರೆಗೆ ಬಂದವರಿಗೆ, ಗದ್ದ ಕೆಳಗೆ ಮಾಡಿ, ನುಂಗಿ, ಇನ್ನೊಂದು ಸಲ ನುಂಗಿ, ಈಗ ಆ ಅನ್ನಿ — ಆ ಅಂದಾಗ ದನಿ ಒದ್ದೆಯಾಗಿ ಕೇಳಿಸಿದರೆ ತುತ್ತು ಇನ್ನೂ ಅಲ್ಲೇ ಕೂತಿದೆ ಎಂದರ್ಥ, ದನಿ ಒಣಗಿದ್ದರೆ ಮುಂದಿನ ಚಮಚ. ಇಷ್ಟೇ. ಇದಕ್ಕೂ ಒಂದು ಓದು ಇದೆಯಾ ಅಂತ ಓರಗಿತ್ತಿ ಕೇಳಿದ್ದಳು, ನಮ್ಮನೆ ಮಕ್ಕಳಿಗೆ ನಾವೇನು ಓದಿ ಉಣ್ಣಿಸಿದ್ವಾ ಅಂತ. ಆಮೇಲೆ ಇವರೇ ಬಚ್ಚಲ ಮನೆಯಲ್ಲಿ ಬಿದ್ದರು, ಬಲಗಡೆ ಪೂರ್ತಿ ಹೋಯಿತು, ಮಾತು ಹೋಯಿತು, ಆಗ ಅದೇ ಓರಗಿತ್ತಿ ಬಂದು ನಿನ್ನ ಕಸುಬು ನಿನ್ನ ಗಂಡನಿಗೇ ಆಯ್ತಲ್ಲ, ಪುಣ್ಯ ಮಾಡಿದ್ರು ಅಂದಳು. ಪುಣ್ಯವಂತೆ. ಆಸ್ಪತ್ರೆಯಲ್ಲಿ ಪರರ ಬಾಯಿಗೆ, ಮನೆಯಲ್ಲಿ ಇವರ ಬಾಯಿಗೆ, ಎದ್ದರೆ ಚಮಚ ಕೂತರೆ ಚಮಚ, ನನ್ನ ತುತ್ತು ನಾನು ತಿನ್ನುವಾಗಲೂ ಕೈ ಮುಂದಕ್ಕೆ ಹೋಗುತ್ತಿತ್ತು. ಆ ದಿನಗಳಲ್ಲೇ ಹೊಳೆದದ್ದು, ನಾವು ನಾಲ್ಕು ಜನ ಆಸ್ಪತ್ರೆಯಲ್ಲಿ ಎಷ್ಟು ಬಾಯಿಗೆ ಆದೇವು, ಮನೆಯವರಿಗೇ ಹೇಳಿಕೊಟ್ಟರೆ ಹೇಗೆ ಅಂತ, ತಾಯಿಗೆ, ಸೊಸೆಗೆ, ಅಣ್ಣತಮ್ಮಂದಿರಿಗೆ, ವಾರ್ಡಿನಲ್ಲೇ ಹಾಸಿಗೆ ಪಕ್ಕ ನಿಲ್ಲಿಸಿಕೊಂಡು ಕಲಿಸಿದೆ, ಕಲಿತರು, ನಮ್ಮಷ್ಟೇ ಚೆನ್ನಾಗಿ ಕಲಿತರು, ಅದನ್ನೇ ಬರೆದು ಕಳಿಸಿದೆ, ಹೊರದೇಶದ ಸಮ್ಮೇಳನದವರು ಬನ್ನಿ, ಪ್ರಬಂಧ ಓದಿ ಅಂದರು. ನನ್ನ ಹೆಸರಿನ ಹಿಂದೆ ಗೌರವದ ಮಾತು ಸೇರಿಸಿ ಆಮಂತ್ರಣ ಕಳಿಸಿದ್ದರು, ಅದನ್ನು ಇವರ ಮುಖದ ಮುಂದೆ ಹಿಡಿದೆ, ಎಡಗೈಯಿಂದ ಮುಟ್ಟಿದರು, ಹೋ ಅಂದರು, ಹೋಗು ಅಂತಲೋ ಓಹೋ ಅಂತಲೋ.

ಆಮಂತ್ರಣ ಒಂದಿದ್ದರೆ ಹೊರಟುಬಿಡಬಹುದು ಅಂದುಕೊಂಡಿದ್ದೆ, ಎಂಥ ಪೆದ್ದಿ. ಆಸ್ಪತ್ರೆಯ ರಜೆ ಪತ್ರ ಬೇಕು, ಬ್ಯಾಂಕಿನ ಕಾಗದ ಬೇಕು, ವಿಮೆ ಬೇಕು, ಇಳಿದುಕೊಳ್ಳುವ ಕೋಣೆಯ ರಸೀದಿ ಬೇಕು, ನಗು ಇಲ್ಲದ, ಕಿವಿ ಕಾಣುವ ಫೋಟೊ ಬೇಕು — ನಗಬೇಡಿ ಮೇಡಂ ಅಂದ ಫೋಟೊದವನು, ನಾನೆಲ್ಲಿ ನಗುತ್ತಿದ್ದೆ — ಎಲ್ಲಕ್ಕಿಂತ ಮಿಗಿಲಾಗಿ ವಾಪಸ್ ಬರುತ್ತೀರಿ ಅನ್ನುವುದಕ್ಕೆ ಪುರಾವೆ ಬೇಕು. ನಮ್ಮ ಎಕ್ಸ್‌ರೇ ಡಾಕ್ಟರಿಗೆ ಹೋದ ವರ್ಷ ಅದೇ ಕಾರಣಕ್ಕೆ ಇಲ್ಲವೆಂದಿದ್ದರು, ಸ್ವಂತ ಮನೆ, ಇಬ್ಬರು ಮಕ್ಕಳು, ಆದರೂ ನೀವು ಹಿಂತಿರುಗುವಿರೆಂದು ನಮಗೆ ಮನವರಿಕೆಯಾಗಿಲ್ಲ ಅಂತ ಒಂದು ಸಾಲು. ನನಗೇನಿದೆ, ಬಾಡಿಗೆ ಮನೆ, ಮಕ್ಕಳಿಲ್ಲ, ಒಂದು ತುಂಡು ಜಾಗವಿಲ್ಲ. ದೊಡ್ಡ ಡಾಕ್ಟರನ್ನು ಕೇಳಿದರೆ ಅವರು ಕನ್ನಡಕ ತೆಗೆದು, ನಿಮ್ಮ ಯಜಮಾನ್ರು ಇದ್ದಾರಲ್ಲಮ್ಮ, ಅದಕ್ಕಿಂತ ದೊಡ್ಡ ಪುರಾವೆ ಬೇಕಾ ಅಂದರು, ತಾವೇ ಬರೆದುಕೊಟ್ಟರು, ರೋಗಿಯು ಆಹಾರಕ್ಕೆ ಸಂಪೂರ್ಣವಾಗಿ ಪತ್ನಿಯನ್ನೇ ಅವಲಂಬಿಸಿದ್ದಾರೆ. ಇವರ ಕಾಯಿಲೆಯನ್ನು ಪ್ಲಾಸ್ಟಿಕ್ ಹಾಳೆಯೊಳಗೆ ತೂರಿಸುವಾಗ ನನಗೆ ನಾಚಿಕೆಯಾಯಿತು, ಆದರೂ ತೂರಿಸಿದೆ, ಎಲ್ಲಕ್ಕಿಂತ ಮೇಲೇ ಇಟ್ಟೆ. ಸುಳ್ಳೇನಲ್ಲವಲ್ಲ. ಇವರು ನನ್ನ ಕೈ ಬಿಟ್ಟರೆ ಇನ್ನೊಬ್ಬರ ಕೈಯಲ್ಲಿ ತಿನ್ನುತ್ತಿರಲಿಲ್ಲ, ನಾದಿನಿ ಚಮಚ ಹಿಡಿದರೆ ಹಲ್ಲು ಕಚ್ಚಿ ಗೋಡೆ ಕಡೆ ತಿರುಗುತ್ತಿದ್ದರು, ನರ್ಸು ಬಂದರೂ ಅಷ್ಟೇ, ಊರಿಗೆಲ್ಲ ಕಲಿಸಿದವಳಿಗೆ ಮನೆಯಲ್ಲೇ ಪಾಠ ನಡೆಯಲಿಲ್ಲ. ನನಗೂ ಸುಲಭವಾಗಿ ಬಾಯಿ ಕೊಟ್ಟವರಲ್ಲ, ತುಟಿ ಬಿಗಿ ಹಿಡಿದು ಕಾಯಿಸುತ್ತಿದ್ದರು, ನಾನು ಕೆನ್ನೆ ಸವರಿ, ಒಂದು ಬೈದು, ಒಂದು ಮುದ್ದು ಮಾಡಿ, ಆಮೇಲೆ ಒಂದು ಚೂರು. ತಿಂಗಳಿಂದ ನಾದಿನಿಯನ್ನು ಪಕ್ಕ ಕೂರಿಸಿಕೊಂಡು ತೋರಿಸುತ್ತಿದ್ದೆ, ಹೀಗೆ ಹಿಡಿ, ಹೀಗೆ ತಗ್ಗಿಸು, ಇವರು ಜಪ್ಪಯ್ಯ ಅನ್ನಲಿಲ್ಲ. ಒಳಗೊಳಗೇ ನನಗೆ ಹಿತವಾಗಿತ್ತೇ, ಆಗಿತ್ತು, ಹೇಳಿಕೊಳ್ಳುವುದಕ್ಕೇನು, ಇಲ್ಲಿ ಯಾರೂ ಕೇಳುತ್ತಿಲ್ಲ. ಆದರೆ ರಾತ್ರಿ ಆ ಹೋಟೆಲಿನ ಕೋಣೆಯ ಚಿತ್ರವನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದೆ, ಒಂದೇ ಮಂಚ, ಒಂದೇ ದಿಂಬು, ಕಿಟಕಿ, ಅಲ್ಲಿ ಯಾರೂ ಕೆಮ್ಮುವುದಿಲ್ಲ, ಕೆಮ್ಮಿದರೂ ನಾನು ಏಳಬೇಕಾಗಿಲ್ಲ.

ಇವತ್ತು ಬೆಳಗ್ಗೆ ಗೇಟಿನ ತನಕ ಹೋಗಿ ವಿಮೆಯ ಕಾಗದ ಮರೆತೆನೆಂದು ವಾಪಸ್ ಬಂದೆ, ಚಪ್ಪಲಿ ಬಿಚ್ಚಿ ಸದ್ದಿಲ್ಲದೆ ಒಳಗೆ ಹೋದೆ, ಕೋಣೆಯ ಬಾಗಿಲು ಓರೆಯಾಗಿತ್ತು. ನಾದಿನಿ ಏನೋ ಹಳೆಯ ಮಾತು ಆಡುತ್ತಾ ಬಟ್ಟಲಿನಿಂದ ಚಮಚ ಎತ್ತಿದಳು, ನನ್ನ ನೀಲಿ ಚಮಚ, ಇವರು ಅವಳನ್ನೇ ನೋಡುತ್ತಿದ್ದರು, ಬಾಯಿ ತೆರೆದರು. ಅವಳು ಕೇಳಲಿಲ್ಲ, ಕೆನ್ನೆ ಸವರಲಿಲ್ಲ, ಚಮಚ ಇನ್ನೂ ಅರ್ಧ ದಾರಿಯಲ್ಲಿತ್ತು, ಆಗಲೇ ಬಾಯಿ ತೆರೆದಿತ್ತು. ಗದ್ದ ತಗ್ಗಿಸಿದರು, ನುಂಗಿದರು, ಇನ್ನೊಂದು ಸಲ ನುಂಗಿದರು, ಆ ಅಂದರು, ಒಣ ದನಿ, ಶುದ್ಧ ದನಿ, ನಾನು ಕಲಿಸಿದ ಹಾಗೇ. ಖುಷಿಯಾಗಬೇಕಿತ್ತು. ಗೆದ್ದೆ ಅನ್ನಬೇಕಿತ್ತು. ವಿಮೆಯ ಕಾಗದ ತೆಗೆದುಕೊಂಡು ಕಳ್ಳಿಯ ಹಾಗೆ ಹೊರಗೆ ಬಂದೆ, ಬಸ್ಸಿನಲ್ಲಿ ಕೂತ ಮೇಲೆ ಅಳು ಬಂತು, ನನ್ನನ್ನು ಕಳಿಸಿಕೊಡಲಿಕ್ಕೆಂದು ಬಾಯಿ ಬಿಟ್ಟರೋ, ನನ್ನ ಕೈ ಬೇಸರವಾಗಿ ಬಿಟ್ಟರೋ, ಕೇಳಿದರೆ ಹೇಳುವ ಮಾತಾದರೂ ಇದೆಯೇ ಅವರ ಹತ್ತಿರ. ಅಳು ನಿಂತ ಮೇಲೆ ಬಂದದ್ದು ಅದಕ್ಕಿಂತ ಕೆಟ್ಟದ್ದು — ಹಾಗಾದರೆ ನಾನು ಬರದೇ ಇದ್ದರೂ ನಡೆಯುತ್ತದೆ. ಥೂ, ಎಂಥ ಯೋಚನೆ. ಬಂತು, ಹೋಗಲಿಲ್ಲ, ಇನ್ನೂ ಇಲ್ಲೇ ಕೂತಿದೆ ಗಂಟಲಲ್ಲಿ.

ನನ್ನ ನಂಬರು. ಗಾಜಿನ ಆಚೆ ಅಧಿಕಾರಿ, ಅವನ ಪಕ್ಕದಲ್ಲಿ ನಮ್ಮ ಮಾತಾಡುವ ಹುಡುಗಿ, ಅವನ ಮಾತನ್ನು ಇವಳು ನಮ್ಮ ಮಾತಿಗೆ ತಿರುಗಿಸುತ್ತಾಳೆ, ಒಂದೊಂದು ಪ್ರಶ್ನೆಯೂ ಎರಡೆರಡು ಸಲ ಬಡಿಯುತ್ತದೆ. ಬೆರಳು ಒತ್ತಿಸಿದರು. ಯಾವ ಕೆಲಸ, ಎಷ್ಟು ದಿನ, ಖರ್ಚು ಯಾರದು, ಎಲ್ಲ ಹೇಳಿದೆ, ಅವನು ದೊಡ್ಡ ಡಾಕ್ಟರ ಪತ್ರ ಓದಿದ, ತಲೆಯಾಡಿಸಿದ, ಮುಖ ಕೆಟ್ಟದ್ದೇನಲ್ಲ, ಆಮೇಲೆ ನನ್ನ ಪ್ರಬಂಧದ ಸಾರಾಂಶ ಓದಿದ, ನಿಧಾನವಾಗಿ, ಬೆರಳಿಟ್ಟು, ಎರಡನ್ನೂ ಅಕ್ಕಪಕ್ಕ ಇಟ್ಟ, ನನಗೆ ಅವನು ಬಾಯಿ ತೆರೆಯುವ ಮೊದಲೇ ಗೊತ್ತಾಯಿತು. ಅವನು ಕೇಳಿದ್ದನ್ನು ಹುಡುಗಿ ತಿರುಗಿಸಿದಳು, ಮೇಡಂ, ನಿಮ್ಮ ಗಂಡ ನಿಮ್ಮನ್ನು ಬಿಟ್ರೆ ಬದುಕಲ್ಲ ಅಂತ ಈ ಪತ್ರದಲ್ಲಿದೆ, ಮನೆಯವರು ಯಾರು ಬೇಕಾದ್ರೂ ಉಣ್ಣಿಸ್ಬಹುದು ಅಂತ ನೀವೇ ಬರ್ದಿದ್ದೀರಿ, ಇದರಲ್ಲಿ ಯಾವುದು ನಿಜ ಅಂತ ಕೇಳ್ತಿದ್ದಾರೆ. ಅತ್ತ ದರಿ ಇತ್ತ ಪುಲಿ. ಪತ್ರ ನಿಜವೆಂದರೆ ಓದಲು ಹೊರಟ ಪ್ರಬಂಧ ಸುಳ್ಳು, ಪ್ರಬಂಧ ನಿಜವೆಂದರೆ ನನ್ನನ್ನು ಇಲ್ಲಿಗೆ ವಾಪಸ್ ಎಳೆದು ತರುವ ಹಗ್ಗವೇ ಇಲ್ಲ, ಬಾಯಲ್ಲಿ ಬಿಸಿ ತುಪ್ಪ, ನುಂಗುವುದನ್ನು ಕಲಿಸುವವಳ ಬಾಯಲ್ಲೇ. ದಾರಿ ಒಂದಿದೆ, ಕೂತಲ್ಲೇ ಹೊಳೆಯಿತು, ಊರಿಗೆಲ್ಲ ಪ್ರಬಂಧ ನಿಜ, ನನ್ನ ಮನೆಯಲ್ಲಿ ಮಾತ್ರ ಅಲ್ಲ, ಇವರೊಬ್ಬರು ನನ್ನ ಕೈಯಿಂದಲ್ಲದೆ ತಿನ್ನುವುದಿಲ್ಲ, ಹಾಗಂದರೆ ಸಾಕು, ನಿನ್ನೆಯವರೆಗೂ ಅದು ದೇವರಾಣೆ ನಿಜ, ಅಧಿಕಾರಿ ಒತ್ತುವುದಕ್ಕೆ ಮುದ್ರೆಯನ್ನು ಕೈಗೆ ತೆಗೆದುಕೊಂಡೇ ಕಾಯುತ್ತಿದ್ದಾನೆ, ಹೇಳು, ಒಂದೇ ಮಾತು. ಹೇಳಿ ಮೇಡಂ, ವಾಪಸ್ ಬರ್ತೀರಲ್ವಾ ಅಂತ ಹುಡುಗಿ ತಾನೇ ಸೇರಿಸಿ ಕೇಳುತ್ತಾಳೆ, ಪಾಪ, ಸಹಾಯಕ್ಕೇ ಕೇಳುತ್ತಾಳೆ. ಹೇಳುತ್ತೇನೆ. ನಮ್ಮ ಯಜಮಾನ್ರು ನನ್ನ ಕೈ ಬಿಟ್ರೆ — ಓರೆಯಾದ ಬಾಗಿಲು, ನೀಲಿ ಚಮಚ — ನನ್ನ ಕೈ ಬಿಟ್ರೆ ಬೇರೆಯವರ ಕೈಯಲ್ಲಿ — ಅರ್ಧ ದಾರಿಯಲ್ಲಿರುವ ಚಮಚ, ಆಗಲೇ ತೆರೆದ ಬಾಯಿ — ಬೇರೆಯವರ ಕೈಯಲ್ಲಿ — ತೆರೆದ ಬಾಯಿ.