ನಾಲ್ಕು ಎಂದು ಬರೆಸಿದ ನೋವು

ಟಕ್ ಟಕ್ ಟಕ್, ಮತ್ತೆ ಭುಜ ತಾನಾಗಿಯೇ ಕುಣಿಯಿತು, ಯಾರದೋ ಭುಜವೆಂಬಂತೆ, ಆಸ್ಪತ್ರೆ ಮೆಷಿನ್ನಿನ ಬಳೆಯಾಕಾರದ ಬಿಳಿ ಸುರುಳಿ ಅವಳ ಅಂಗಿಯ ಮೇಲೆಯೇ ಕೂತಿದೆ, ಚುಚ್ಚುವುದಿಲ್ಲ ಕೊಯ್ಯುವುದಿಲ್ಲ, ಬರೀ ಅಯಸ್ಕಾಂತವಂತೆ, ನೆಲಕ್ಕೆ ಚೆಲ್ಲಿದ ಗುಂಡುಸೂಜಿ ಎತ್ತುವ ಅಯಸ್ಕಾಂತ ಹೊಲಿಗೆ ಅಂಗಡಿಯ ಅವಳ ಮೇಜಿನ ಡ್ರಾಯರಿನಲ್ಲೂ ಇದೆ, ಅದನ್ನೇ ಇಷ್ಟು ವರ್ಷ ಭುಜಕ್ಕೆ ಉಜ್ಜಿಕೊಂಡಿದ್ದರೆ ಆಗುತ್ತಿತ್ತೋ ಏನೋ — ನಗು ಬರಬೇಕಿತ್ತು, ಬಂದದ್ದು ಸಿಟ್ಟು, ಮೈಯೆಲ್ಲ ಉರಿಯುವ ಸಿಟ್ಟು, ಯಾಕೆಂದರೆ ಮೆಷಿನ್ ನಡೆಸುವ ನರ್ಸ್ ಈಗಷ್ಟೇ ಹೇಳಿದಳು, ಅಕ್ಕಾ, ಇವತ್ತೇ ಕೊನೆ ಆಗಬಹುದು, ನಿಮಗಿದು ಒಗ್ತಿಲ್ಲ, ಮೊದಲ ದಿನ ನೋವು ಹತ್ತರಲ್ಲಿ ನಾಲ್ಕು ಅಂದ್ರಿ, ಈಗ ಐದು ಅಂತೀರಿ, ಜಾಸ್ತಿನೇ ಆಯ್ತಲ್ಲ.

ಜಾಸ್ತಿಯಂತೆ! ಮೂರು ವರ್ಷದ ನಂತರ ಇವತ್ತು ಬೆಳಿಗ್ಗೆ ತನ್ನ ಜಡೆಯನ್ನು ತಾನೇ ಹೆಣೆದುಕೊಂಡು ಬಂದವಳಿಗೆ ಜಾಸ್ತಿಯಂತೆ — ಮೊದಲ ದಿನ ಇದ್ದದ್ದು ಒಂಬತ್ತು, ಬಾಯಿಗೆ ಬಂದದ್ದು ನಾಲ್ಕು, ನರ್ಸಿನ ಪೆನ್ನಿನ ಮೊನೆ ಅದನ್ನೇ ಬರೆದುಕೊಂಡಿತು, ಇಪ್ಪತ್ತೆರಡು ವರ್ಷ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸಿದವಳ ಚಾಳಿ, ಯಾವ ಅಂಗಿಗೂ ಎರಡು ಬೆರಳು ಬಟ್ಟೆ ಒಳಗೆ ಬಿಡುವುದು, ಮುಂದೆ ಬೇಕಾದರೆ ಬಿಚ್ಚಿ ದೊಡ್ಡದು ಮಾಡಬಹುದು ಎಂದು, ನೋವಿನಲ್ಲೂ ಐದು ಒಳಗೆ ಮಡಚಿಟ್ಟಳು, ಥೂ, ಈ ಬಾಯಿಗಿಷ್ಟು ಬೆಂಕಿ ಹಾಕ, ಆದರೆ ಮಡಚದೆ ಹೇಳಿದಾಗ ಯಾರು ಕೇಳಿಸಿಕೊಂಡರು, ಅತ್ತೆ, ನಾವೇನು ಕೆಲಸ ಮಾಡ್ದೇ ಬಂದೋರಾ, ಗಂಡ, ಎಕ್ಸ್‌ರೇಲಿ ಏನೂ ಇಲ್ವಲ್ಲೇ, ಎಲ್ಲಾ ನಿನ್ನ ತಲೇಲಿರೋದು, ಅಂಗಡಿ ಮಾಲೀಕ, ಕುಂಟು ನೆಪ ಹೇಳ್ಬೇಡಮ್ಮ — ಇವರಿಗೆಲ್ಲ ಒಂದೊಂದು ದಿನ, ಒಂದೇ ದಿನ, ಈ ಭುಜ ಕೊಡಬೇಕು, ಆಮೇಲೆ ಮಾತಾಡಲಿ.

ಮೊದಲ ದಿನ ಒಂಬತ್ತಿತ್ತಮ್ಮ, ನಾನೇ ಕಮ್ಮಿ ಹೇಳ್ಬಿಟ್ಟೆ, ಅದನ್ನ ತಿದ್ದಿ, ಎಂದಳು, ಹಳೇದು ತಿದ್ದೋ ಹಾಗಿಲ್ಲ ಅಕ್ಕಾ, ಆ ನಾಲ್ಕರಿಂದ ಎರಡಾದ್ರೂ ಇಳಿದಿದ್ರೆ ಇನ್ನೂ ಹತ್ತು ಸಲ ಕೊಡ್ತಾರೆ, ಇಲ್ಲಾಂದ್ರೆ ನಿಲ್ಲಿಸ್ತಾರೆ, ಯೋಚನೆ ಮಾಡಿ ಹೇಳಿ, ಎಷ್ಟು ಬರೀಲಿ — ಪೆನ್ನಿನ ಮೊನೆ ಖಾಲಿ ಚೌಕದ ಮೇಲೆ ಬಂದು ನಿಂತಿತು, ಬಿಚ್ಚಲು ಬಾರದ ಹೊಲಿಗೆ ಹಾಕಿಟ್ಟಿದ್ದಾರೆ ಪುಣ್ಯಾತ್ಮರು, ಐದು ಎಂದರೆ ನಾಳೆಯಿಂದ ಮೆಷಿನ್ ಇಲ್ಲ, ಮತ್ತೆ ಒಂಬತ್ತು, ಎರಡು ಎಂದರೆ ಮೆಷಿನ್ ಉಂಟು, ಆದರೆ ಇದೇ ಕಾಗದವನ್ನು ಮಾಲೀಕನೂ ಕೇಳಿದ್ದಾನೆ, ಕೂತು ಗುಂಡಿ ಹಚ್ಚೋ ಕೆಲಸ ಬೇಕಂದ್ರೆ ಆಸ್ಪತ್ರೆ ಕಾಗದ ತೋರ್ಸು ಎಂದು, ಎರಡು ಕಂಡರೆ ನಾಳೆಯೇ ದೊಡ್ಡ ಕತ್ತರಿ ಕೈಗೆ ಕೊಟ್ಟು ಮೇಜಿನ ಮುಂದೆ ನಿಲ್ಲಿಸುತ್ತಾನೆ, ಗಂಡ ಮೀಸೆಯಡಿ ನಗುತ್ತಾನೆ, ನಾನು ಹೇಳ್ಲಿಲ್ವಾ, ಏನೂ ಇಲ್ಲ ಅಂತ — ನೀನು ಹೇಳಿದ್ದೆ ಕಣೋ, ಹೇಳಿದ್ದೆ, ನಿನ್ನ ತಲೆ — ನಿಜ ಹೇಳಿದರೆ ನೋವು, ಸುಳ್ಳು ಹೇಳಿದರೆ ಕತ್ತರಿ, ನೋವು ನನ್ನದು, ಲೆಕ್ಕ ಮಾತ್ರ ಇವರದ್ದು, ಅಕ್ಕಾ, ಹೊರಗೆ ಇನ್ನೂ ಜನ ಇದ್ದಾರೆ, ಪೆನ್ನಿನ ಮೊನೆ ಅಲ್ಲಾಡಿತು, ಎರಡು, ಎಂದಳು, ಹಲ್ಲು ಕಚ್ಚಿ, ನೋಡಿ ಎಷ್ಟು ಬೇಗ ವಾಸಿ ಆಗ್ಬಿಟ್ರಿ, ಎಂದು ನರ್ಸ್ ನಕ್ಕಳು, ಪೆನ್ನಿನ ಮೊನೆ ಇಳಿಯಿತು, ಅಷ್ಟು ದೊಡ್ಡ ಚೌಕದಲ್ಲಿ ಇಷ್ಟೇ ಇಷ್ಟು ಎರಡು, ಪೆನ್ನಿನ ಮೊನೆ, ಎರಡು, ಪೆನ್ನಿನ ಮೊನೆ —