ಸುಂದರಿಯಕ್ಕನ ಅನೌನ್ಸ್‌ಮೆಂಟು

ಮೋಕ್ಷಿತಾ ಬಚ್ಚಲಿನ ಹಿಂದೆ ನಿಂತು ಮತ್ತೊಮ್ಮೆ ಆಟೋದ ವಿಜೇತನ ನಂಬರು ಒತ್ತಿದಳು. ಸ್ವಿಚ್ ಆಫ್. ಅಂಗಳದ ಕಡೆ ಹೆಂಗಸರು ಸುಂದರಿಯ ದೇಹಕ್ಕೆ ನೀರು ಹೊಯ್ಯುತ್ತಿದ್ದರು. ತನ್ನ ಅತ್ತೆಗೆ ಕೊನೆಯ ಸ್ನಾನ ಆಗುತ್ತಿರುವಾಗ ಸೊಸೆ ಫೋನು ಹಿಡಿದು ಮರೆಯಲ್ಲಿ ನಿಂತರೆ ಜನ ಏನಂದಾರು? ಬೆಳಗಿನಿಂದ ಅತ್ತು ಅವಳ ಕಣ್ಣು ಊದಿತ್ತು, ನಿಜ. ಆದರೆ ಈಗ ದುಃಖವನ್ನು ಬದಿಗೆ ಸರಿಸಿ ಹೆದರಿಕೆ ಬಂದು ಕೂತಿತ್ತು.

ಅದೇ ದಿನ ಸಂಜೆ ಶಾಲೆಯ ಮೈದಾನದಲ್ಲಿ ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರದ್ದೇ ಒಂದು ಕಾರ್ಯಕ್ರಮವಿತ್ತು. ಹೆಸರು 'ಹೆಣ್ಣಿನ ದನಿ'. ಭಾಷಣ, ಹಾಡು, ಒಂದು ಸಣ್ಣ ನಾಟಕ. ಮೋಕ್ಷಿತಾಳೇ ಅದರ ಕಾರ್ಯದರ್ಶಿ. ಬೆಳಗಿನ ಚಹಾದ ಲೋಟ ಕೈಯಲ್ಲಿರುವಾಗಲೇ ಸುಂದರಿ ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ. ಜೊತೆಗೆ ಕಾರ್ಯಕ್ರಮ ನಡೆಸುತ್ತಿದ್ದ ಶ್ರೀರಂಜಿನಿ ಟೀಚರ್ ಸುದ್ದಿ ತಿಳಿದು ಓಡಿಬಂದರು. ಕಾರ್ಯಕ್ರಮ ಮುಂದಿನ ವಾರಕ್ಕೆ ಎಂದು ಎಲ್ಲರಿಗೂ ತಿಳಿಸಿದರು. ತಿಳಿಯದೆ ಉಳಿದವನು ವಿಜೇತ ಒಬ್ಬ. ನಸುಕಿಗೇ ಆಟೋದ ಮೇಲೆ ಮೈಕು ಕಟ್ಟಿ ಊರೂರು ಪ್ರಚಾರಕ್ಕೆ ಹೊರಟವನ ಫೋನಿನಲ್ಲಿ ಜೀವವೇ ಇರಲಿಲ್ಲ.

ಅಷ್ಟೇ ಆಗಿದ್ದರೆ ತಲೆಬಿಸಿ ಏನಿರಲಿಲ್ಲ. ಆ ಮೈಕಿನಲ್ಲಿ ಇವತ್ತಿನ ಸಂಜೆಗೆ ಜನರನ್ನು ಕರೆಯುತ್ತಿದ್ದ ಸ್ವರ ಸುಂದರಿಯದ್ದೇ. ಅದು ಮನೆಯ ಗಂಡಸರಿಗೆ ಯಾರಿಗೂ ಗೊತ್ತಿರಲಿಲ್ಲ. ವಿಜೇತ ಕೊನೆಗೆ ಬರಬೇಕಾದದ್ದು ಈ ಓಣಿಗೆ.

ಮೋಕ್ಷಿತಾ ಜಗಲಿಗೆ ಬಂದಾಗ ಮಾವ ಉಗ್ಗಪ್ಪ ಕುರ್ಚಿಯಿಂದಲೇ ಅವಳನ್ನು ಕರೆದ. ಪಕ್ಕದ ಬೈಲಿನಲ್ಲಿ ಮೈಕು ಕೇಳಿತಂತೆ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು.

"ಆ ಆಟೋದವನಿಗೆ ಹೇಳಿದ್ದೀಯಾ?"

"ಫೋನ್ ತಾಗ್ತಾ ಇಲ್ಲ ಮಾವ."

"ತಾಗಿಸು. ಹೆಣ ಅಂಗಳದಲ್ಲಿರುವಾಗ ಈ ಓಣಿಗೆ ಮೈಕ್ ಬರಬಾರದು. ಊರಿನವರ ಎದುರು ನನ್ನನ್ನು ಇನ್ನೊಮ್ಮೆ ತಮಾಷೆ ಮಾಡ್ಬೇಡಿ."

ಆ 'ಇನ್ನೊಮ್ಮೆ' ಯಾವುದೆಂದು ವರ್ಕಾಡಿ ಊರಿನ ಹಳಬರಿಗೆಲ್ಲ ಗೊತ್ತಿತ್ತು.

*

ಸುಂದರಿ ಮದುವೆಯಾಗಿ ಬಂದ ಕಾಲದಲ್ಲಿ ನೆರೆಮನೆಯ ಜಗಲಿಯಲ್ಲಿ ಹೆಂಗಸರು ಸಾಲಾಗಿ ಕೂತು ಬೀಡಿ ಕಟ್ಟುತ್ತಿದ್ದರು. ಕೈಗೆ ಕೆಲಸ, ಕಿವಿಗೆ ಏನೂ ಇಲ್ಲ. ಸುಂದರಿ ಕನ್ನಡ ಶಾಲೆಯಲ್ಲಿ ಏಳರ ತನಕ ಕಲಿತವಳೆಂದು ಗೊತ್ತಾದ ಮೇಲೆ ಪೇಪರ್ ಓದುವ ಕೆಲಸ ಅವಳಿಗೆ ಬಿತ್ತು. ಅವಳು ಓದುವಷ್ಟು ಹೊತ್ತು ಉಳಿದವರು ತಮ್ಮ ತಮ್ಮ ಮೊರದಿಂದ ಒಂದಿಷ್ಟು ಬೀಡಿ ತೆಗೆದು ಅವಳ ಪಾಲಿಗೆ ಹಾಕಬೇಕು. ಹಾಗೆ ಅವಳ ಕಟ್ಟೂ ತುಂಬುತ್ತಿತ್ತು. ಚುನಾವಣೆ, ಕಳ್ಳತನ, ದೂರದ ಯಾವುದೋ ದೇಶದ ಯುದ್ಧ, ಎಲ್ಲವನ್ನೂ ಅವಳು ಪಕ್ಕದ ಮನೆಯಲ್ಲೇ ನಡೆದ ಹಾಗೆ ಓದುತ್ತಿದ್ದಳು. ಸ್ವರವೋ, ಕಂಚಿನದು. ರಸ್ತೆ ದಾಟಿ ಚಹಾದಂಗಡಿಯ ಬೆಂಚಿಗೆ ಮುಟ್ಟುತ್ತಿತ್ತು.

ಅಲ್ಲಿ ಕೂತವರಲ್ಲಿ ಒಬ್ಬ ಒಂದು ದಿನ ಕೇಳಿಯೇಬಿಟ್ಟ: "ಉಗ್ಗಪ್ಪಾ, ನಿನ್ನ ರೇಡಿಯೋಕ್ಕೆ ಲೈಸನ್ಸ್ ಉಂಟಾ ಮಾರಾಯ?"

ಬೆಂಚಿಗೆ ಬೆಂಚೇ ನಕ್ಕಿತು. ಉಗ್ಗಪ್ಪ ಚಹಾ ಅರ್ಧಕ್ಕೆ ಬಿಟ್ಟು ಮನೆಗೆ ಬಂದ. ಹೊಡೆಯುವ ಜಾತಿಯ ಗಂಡಸಲ್ಲ ಅವನು. ನಿನ್ನ ಸ್ವರ ಇನ್ನು ಮೇಲೆ ರಸ್ತೆಗೆ ಕೇಳಬಾರದು ಎಂದಷ್ಟೇ ಹೇಳಿದ. ಹೊಡೆದಿದ್ದರೆ ಒಂದೆರಡು ದಿನದಲ್ಲಿ ಮಾಯುತ್ತಿತ್ತೇನೋ. ಮರುದಿನದಿಂದ ಹೆಂಗಸರು ಜಗಲಿ ಬಿಟ್ಟು ಒಳಕೋಣೆಯಲ್ಲಿ ಕೂತರು. ಸುಂದರಿ ಪಿಸುದನಿಯಲ್ಲಿ ಓದಿದಳು, ಉಳಿದವರು ಅವಳ ಕಡೆಗೆ ಬಾಗಿ ಬೀಡಿ ಕಟ್ಟಿದರು. ಪಿಸುದನಿ ಅಲ್ಲಿಂದ ಮನೆಗೂ ಬಂತು. ಅತ್ತೆಗೆ ಗಂಟಲಿನ ಕಾಯಿಲೆ ಇರಬೇಕೆಂದು ಮೋಕ್ಷಿತಾ ಮದುವೆಯಾಗಿ ಎಷ್ಟೋ ಕಾಲ ನಂಬಿದ್ದಳು, ಪಾಪ, ಒಮ್ಮೆ ಜೇನುತುಪ್ಪವನ್ನೂ ತಂದುಕೊಟ್ಟಿದ್ದಳು!

*

ಅನೌನ್ಸ್‌ಮೆಂಟಿಗೆ ಸ್ವರ ಬೇಕೆಂದು ಹುಡುಕುವಾಗ ಟೀಚರಿಗೆ ಸುಂದರಿಯ ಹೆಸರು ಹೇಳಿದ್ದು ಬೀಡಿಯ ಹಳೆಯ ಗೆಳತಿಯರು. ಒಲ್ಲೆ ಎನ್ನುತ್ತಾಳೆಂದೇ ಮೋಕ್ಷಿತಾ ಎಣಿಸಿದ್ದಳು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಯಾವಾಗ ಎಂದು ಕೇಳಿದಳು. ವೇದಿಕೆಯಲ್ಲಿ ಮಾತಾಡಲಿಕ್ಕೂ ಒಪ್ಪಿಕೊಂಡಳು.

ವಾಚನಾಲಯದ ಕೋಣೆಯಲ್ಲಿ ಫ್ಯಾನು ನಿಲ್ಲಿಸಿ, ಬಾಗಿಲು ಹಾಕಿ ರೆಕಾರ್ಡ್ ಮಾಡಿದರು. ಮೋಕ್ಷಿತಾ ಹೊರಗೆ ಕಾವಲು ಕೂತಳು. ಬಾಗಿಲು ತೆರೆದಾಗ ಟೀಚರ್ ಕಣ್ಣೊರೆಸಿಕೊಳ್ಳುತ್ತಿದ್ದರು. ಕೊನೆಗೆ ನಾಲ್ಕು ಮಾತು ನಿನ್ನ ಅತ್ತೆಯೇ ಸೇರಿಸಿದ್ದಾರೆ, ರೋಡಿನಲ್ಲೇ ಕೇಳು ಎಂದರು. ಸುಂದರಿ ಮಾತ್ರ ಬೆವರಿ ನಗುತ್ತಿದ್ದಳು.

"ಮನೆಯಲ್ಲಿ ಹೇಳ್ಬೇಡ ಆಯ್ತಾ," ಎಂದಳು ದಾರಿಯಲ್ಲಿ. "ನಿನ್ನ ಮಾವನಿಗೆ ರೋಡಿನಲ್ಲೇ ಕೇಳ್ಲಿ. ಅಲ್ಲಿಗೆ ಕೇಳ್ಬಾರ್ದು ಅಂತ ಹೇಳಿದ್ದಲ್ವಾ."

ಮೋಕ್ಷಿತಾ ಆಯಿತು ಎಂದು ಮಾತು ಕೊಟ್ಟಿದ್ದಳು.

*

ದೇಹವನ್ನು ಚಟ್ಟದ ಮೇಲೆ ಮಲಗಿಸುವ ಹೊತ್ತಿಗೆ ಮೋಕ್ಷಿತಾಳ ಕೈಯಲ್ಲಿದ್ದ ಫೋನು ನಡುಗಿತು. ವಿಜೇತ. ಅವಳು ಬಚ್ಚಲಿನ ಹಿಂದಕ್ಕೆ ಓಡಿದಳು.

ಚಾರ್ಜ್ ಹೋಗಿತ್ತು, ಈಗ ಒಂದು ಅಂಗಡಿಯಲ್ಲಿ ಹಾಕಿದೆ ಎಂದು ಅವನು ಗಡಿಬಿಡಿಯಲ್ಲಿ ಶುರುಮಾಡಿದ. ಎಲ್ಲಾ ಕಡೆ ಮುಗಿಯಿತು, ನಿಮ್ಮ ಓಣಿ ಒಂದು ಬಾಕಿ, ಬರುವುದಾ ಎಂದ.

"ವಿಜೇತಾ, ಅತ್ತೆ ಹೋದ್ರು. ಬೆಳಿಗ್ಗೆ."

ಅವನ ಸ್ವರವೇ ಇಳಿಯಿತು. "ಅಕ್ಕ, ನಾನು ಬೆಳಿಗ್ಗಿಂದ ಅವರನ್ನೇ ಕೇಳಿಸ್ತಾ ತಿರುಗ್ತಾ ಇದ್ದೇನೆ. ಆಫ್ ಮಾಡ್ತೇನೆ. ಮೈಕ್ ಬಿಚ್ಚಿ ಬರ್ತೇನೆ."

ಹೂಂ ಎಂದರೆ ಮುಗಿಯುತ್ತಿತ್ತು. ಬಿಸಿ ತುಪ್ಪದ ಹಾಗೆ ಆ ಒಂದು ಅಕ್ಷರ ಅವಳ ಬಾಯಲ್ಲಿ ನಿಂತಿತು. ಹೂಂ ಎಂದರೆ ಮಾವನ ಮಾನ ಉಳಿಯುತ್ತದೆ, ಗಂಡ ವಿನೀತನಿಗೂ ನೆಮ್ಮದಿ. ಇಲ್ಲವೆಂದರೆ ಈ ಮನೆಯಲ್ಲಿ ಅವಳ ಬಾಳು ನಾಳೆಯಿಂದ ಹೇಗೋ ದೇವರೇ ಬಲ್ಲ. ಮುಂದಿನ ವಾರ ವೇದಿಕೆ ಏಳುತ್ತದೆ, ಎಲ್ಲರೂ ಮಾತಾಡುತ್ತಾರೆ. ಅತ್ತೆಗೆ ಮುಂದಿನ ವಾರ ಇಲ್ಲ.

"ಬಿಚ್ಚಬೇಡ," ಎಂದಳು. "ಹಾಗೇ ಬಾ. ಯಾರಾದ್ರೂ ಬೈದ್ರೆ ನಾನು ಕರೆದದ್ದು ಅಂತ ಹೇಳು."

ಅವಳು ಅಂಗಳಕ್ಕೆ ಮರಳಿದಳು. ಫೋನ್ ತಾಗಿತಾ ಎಂದು ಉಗ್ಗಪ್ಪ ಕೇಳಿದ. ತಾಗಿತು ಎಂದಳು. ಅವನು ತಲೆಯಾಡಿಸಿ ಎದ್ದ. ವಿನೀತ ಬೆಂಕಿಯ ಮಡಕೆ ಹಿಡಿದು ಮುಂದಾದ, ಗಂಡಸರು ಚಟ್ಟಕ್ಕೆ ಹೆಗಲು ಕೊಟ್ಟರು. ಒಮ್ಮೆ ಎತ್ತಿದರೆ ಸ್ಮಶಾನ ಮುಟ್ಟುವ ತನಕ ನೆಲಕ್ಕೆ ಇಳಿಸುವ ಕ್ರಮ ಇಲ್ಲ. ಹೆಂಗಸರು ಗೇಟಿನ ಹತ್ತಿರ ನಿಂತರು, ಅವರಿಗೆ ಅಲ್ಲಿಯ ತನಕ ಮಾತ್ರ.

ಓಣಿಯ ಆ ತುದಿಯಲ್ಲಿ ಆಟೋ ತಿರುಗಿತು. ಎರಡೂ ಬದಿ ಕೆಂಪುಕಲ್ಲಿನ ಗೋಡೆ, ಒಂದು ಆಟೋ ನುಗ್ಗುವಷ್ಟೇ ಜಾಗ. ಮೊದಲು ಟೀಚರ್ ಬರೆದುಕೊಟ್ಟ ಸಾಲುಗಳು, ಶಾಲೆಯ ಮೈದಾನ, ಸಂಜೆ, ಸರ್ವರಿಗೂ ಸ್ವಾಗತ. ಗೇಟಿನಲ್ಲಿದ್ದ ಮುದುಕಿಯರಲ್ಲಿ ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಅವಳಿಗೆ ಗುರುತು ಹತ್ತಿತ್ತು. ಸ್ವರ ಅಲ್ಲಿಗೆ ನಿಲ್ಲಲಿಲ್ಲ.

"ನಾನು ಸುಂದರಿ. ಉಗ್ಗಪ್ಪನವರ ಹೆಂಡತಿ. ಬೀಡಿ ಕಟ್ಟುವಲ್ಲಿ ಪೇಪರ್ ಓದ್ತಾ ಇದ್ದವಳು. ಇವತ್ತು ನನಗೆ ಮಾತಾಡ್ಲಿಕ್ಕುಂಟು. ಎಲ್ಲರೂ ಬನ್ನಿ. ನಮ್ಮ ಯಜಮಾನ್ರೂ ಬರ್ಬೇಕು. ನಾಚಿಕೆ ಆಗುದಾದ್ರೆ ಎದುರು ಕೂರುದು ಬೇಡ, ಎಲ್ಲರಿಗಿಂತ ಹಿಂದೆ ನಿಂತ್ರೆ ಸಾಕು. ನನ್ನ ಸ್ವರ ಅಲ್ಲಿಗೂ ಮುಟ್ತದೆ."

ವಿನೀತನ ಕಾಲು ನಿಂತಿತು. ಹೆಗಲು ಕೊಟ್ಟವರು ಮುಂದೆ ಹೋಗಲಾರದೆ, ಇಳಿಸಲೂ ಆಗದೆ ಉಗ್ಗಪ್ಪನ ಮುಖ ನೋಡಿದರು. ವಿಜೇತ ಬ್ರೇಕು ಹಾಕಿ, ಮೈಕಿನ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಅವನೂ ನೋಡಿದ. ಉಗ್ಗಪ್ಪನ ಕುತ್ತಿಗೆಯ ನರ ಉಬ್ಬಿದ್ದು ಗೇಟಿನ ತನಕ ಕಾಣುತ್ತಿತ್ತು. ಅವನ ಕೈ ಮೇಲೆದ್ದಿತು. ಆಟೋಕ್ಕೆ ಬಡಿಯುತ್ತಾನೆ, ಅಲ್ಲಿಂದ ತಿರುಗಿ ನನ್ನ ಹತ್ತಿರ ಬರುತ್ತಾನೆ ಎಂದು ಮೋಕ್ಷಿತಾ ಗೇಟಿನ ಸರಳು ಹಿಡಿದು ನಿಂತಳು.

ಎದ್ದ ಕೈ, ನಡೆಯಿರಿ ಎಂದು ಸನ್ನೆ ಮಾಡಿತು.

ವಿಜೇತ ಆಟೋವನ್ನು ಹಿಂದಕ್ಕೆ ಬಿಟ್ಟ. ಚಟ್ಟ ಅದನ್ನು ಹಿಂಬಾಲಿಸಿ ಹೊರಟಿತು. ಉಗ್ಗಪ್ಪ ಗೋಡೆಗೆ ಆತು ನಿಂತು ಮಗನನ್ನು ಮುಂದೆ ಬಿಟ್ಟ, ಹೆಗಲು ಕೊಟ್ಟವರನ್ನು ಬಿಟ್ಟ, ನೆಂಟರನ್ನು, ಚಹಾದಂಗಡಿಯ ಹಳೆಯ ಗೆಳೆಯರನ್ನು, ಒಬ್ಬೊಬ್ಬರನ್ನಾಗಿ ಎಲ್ಲರನ್ನೂ ಬಿಟ್ಟ. ಮೈಕಿನಲ್ಲಿ ಅನೌನ್ಸ್‌ಮೆಂಟು ಮತ್ತೆ ಮೊದಲಿನಿಂದ ಶುರುವಾಯಿತು. ಕೊನೆಯವನೂ ದಾಟಿಹೋದ ಮೇಲೆ ಉಗ್ಗಪ್ಪ ಎಲ್ಲರಿಗಿಂತ ಹಿಂದೆ, ಕೇಳಿಸಿಕೊಳ್ಳಲಿಕ್ಕೆ ಕಿವಿಯ ಹಿಂದೆ ಕೈ ಆನಿಸಿಕೊಂಡು, ಮೆಲ್ಲಗೆ ನಡೆಯತೊಡಗಿದ.