ಕೆಂಪು ದೋಣಿ ಯಾವಾಗಲೂ ಮುಂದೆ

ಲ್ಯಾಬಿನ ಈ ಉಗುರಗಲದ ಕೆಂಪು ದೋಣಿಯಿಂದ ವಾಸನೆ ಬರುತ್ತಿಲ್ಲ, ನೆಗಡಿ ಇರಬೇಕು, ಇಲ್ಲ, ಬಿಳಿ ದೋಣಿ ಮೂಸಿದರೆ ಕರ್ಪೂರ ಮೂಗಿಗೆ ಅಡರುತ್ತದೆ, ಅಜ್ಜಿಯ ಕಿಮೊನೊ ಪೆಟ್ಟಿಗೆಯ ಮುಚ್ಚಳ ತೆಗೆದ ಹಾಗೆ, ಕೆಂಪು ದೋಣಿ ಮೂಸಿದರೆ ಬರೀ ಉಗುರುಬಣ್ಣ — ಬಣ್ಣ ಬಳಿದವಳು ನಾನೇ, ಎರಡೂ ಒಂದೇ ಥರ ಇದ್ದರೆ ಕ್ಯಾಮೆರಾಕ್ಕೆ ಗುರುತು ಸಿಗುವುದಿಲ್ಲ ಅಂತ, ಚುಕ್ಕೆ ಇಟ್ಟಿದ್ದರೆ ಸಾಕಿತ್ತು, ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು, ಇಡೀ ಹಿಂತುದಿಯನ್ನೇ ಬಣ್ಣದಲ್ಲಿ ಅದ್ದಿ ತೆಗೆದೆ, ಒಂದಲ್ಲ, ಇಪ್ಪತ್ತು ದೋಣಿಗಳನ್ನು, ಒಂದೇ ಮಧ್ಯಾಹ್ನ. ಹಿಂತುದಿಯಲ್ಲೇ ಅಲ್ಲವೇ ಕರ್ಪೂರದ ಬಿಲ್ಲೆ ಇರುವುದು. ಅದು ನೀರಿಗೆ ಕರಗುತ್ತ ಕರಗುತ್ತ ದೋಣಿಯನ್ನು ಮುಂದಕ್ಕೆ ತಳ್ಳಬೇಕು, ಬಣ್ಣದ ಪೊರೆಯೊಳಗೆ ಕೂತು ಹೇಗೆ ಕರಗೀತು, ಅಯ್ಯೋ ಕುವಬರ, ಅಂತ ನನ್ನನ್ನೇ ಬೈದುಕೊಂಡೆ, ಇಷ್ಟು ಓದಿ ಮಣ್ಣು ಹೊತ್ತೆ. ಅರವತ್ತೆರಡು ವಿಡಿಯೊ, ಅರವತ್ತೆರಡರಲ್ಲೂ ಕೆಂಪೇ ಮುಂದೆ, ಬಿಳಿ ಹಿಂದೆ, ಸುತ್ತಿನ ಮೇಲೆ ಸುತ್ತು, ನಡುವೆ ಅದೇ ನಾಲ್ಕು ಬೆರಳ ಅಂತರ, ಎರಡು ದೋಣಿ ತಮ್ಮಷ್ಟಕ್ಕೇ ಹೆಜ್ಜೆ ಕೂಡಿಸುತ್ತವೆ ಅಂತ ನಾನು ಪುಟಗಟ್ಟಲೆ ಬರೆದೆ, ನಮ್ಮ ಲ್ಯಾಬಿನ ಪ್ರೊಫೆಸರು ತತೆಯಾಮಾ ಸೆನ್ಸೈ ಅದಕ್ಕೆ ಸಹಿ ಹಾಕಿದರು, ನೋಡಮ್ಮ, ಮೂವತ್ತು ವರ್ಷದಲ್ಲಿ ನನ್ನ ಮಾತು ಕೇಳಿದ್ದು ಈ ಕೆಂಪು ದೋಣಿ ಒಂದೇ, ನನ್ನ ಹೆಂಡ್ತಿನೂ ಕೇಳಿಲ್ಲ, ಅಂತ ನಕ್ಕರು. ನಾಳೆ ಅವರ ಬೀಳ್ಕೊಡುಗೆ ಉಪನ್ಯಾಸ, ಹಳೆಯ ಶಿಷ್ಯರೆಲ್ಲ ಹಿರೋಶಿಮಾಕ್ಕೆ ಬರುತ್ತಿದ್ದಾರೆ, ಎಲ್ಲರೆದುರು ಇದೇ ದೋಣಿ ಬಿಡುತ್ತಾರೆ. ಬಿಟ್ಟರೆ ಓಡುತ್ತದೆ, ಬಿಳಿಯದು ಓಡುತ್ತ ನೀರನ್ನು ನೂಕಿ ಇದನ್ನು ಹಿಂದಿನಿಂದ ದಬ್ಬುತ್ತದಲ್ಲ, ಯಾರಿಗೂ ಗೊತ್ತಾಗುವುದಿಲ್ಲ — ನಾನು ಸುಮ್ಮನಿದ್ದರೆ. ಮೂರು ಕಡೆ ಬೇಡವೆನಿಸಿಕೊಂಡವಳನ್ನು ಒಳಗೆ ಕರೆದು ಮೇಜು ಕೊಟ್ಟವರು ಅವರು, ಅವರ ಕೊನೆಯ ದಿನ ಹಾಳು ಮಾಡಲೇ, ನನಗೆ ಭಯವಾಗುತ್ತಿದೆ. ಚಪ್ಪಲಿ ಸದ್ದು. ಕಾರಿಡಾರಿನಲ್ಲಿ ಹಾಗೆ ಕಾಲೆಳೆಯುವವರು ಅವರೊಬ್ಬರೇ. ಏನಮ್ಮ ಕುವಬರ-ಸಾನ್, ದೋಣಿ ಪ್ಯಾಕ್ ಆಯ್ತಾ, ಮೊಮಿಜಿ ಮಂಜು ತಂದಿದೀನಿ, ಅದೇ ಎಲೆ ಆಕಾರದ ಸಿಹಿ ಕೇಕು, ತಿಂದು ಕೈ ತೊಳ್ಕೊ, ಎಣ್ಣೆ ಕೈ ನೀರಿಗೆ ಇಟ್ಟೀಯ. ಸೆನ್ಸೈ, ಒಂದ್ನಿಮಿಷ ಇಲ್ಲಿ ನೋಡಿ, ನನ್ನ ಬಾಯಿ ಅಂದುಬಿಟ್ಟಿತು, ಕೈ ಬಿಳಿ ದೋಣಿಯನ್ನು ಆಚೆ ಇಟ್ಟು, ಬಳೆಯಾಕಾರದ ತೊಟ್ಟಿಯಲ್ಲಿ ಕೆಂಪೊಂದನ್ನೇ ಚಿಮಟದಿಂದ ಇಳಿಸಿತು.

ನಿಂತಿದೆ. ಬಣ್ಣ ಹಚ್ಚಿದ್ದು ನಾನು ಸೆನ್ಸೈ, ಕರ್ಪೂರ ಮುಚ್ಚಿಹೋಗಿದೆ, ಎಲ್ಲದರಲ್ಲೂ, ಮೊದಲಿನಿಂದಲೂ. ಅವರು ಕನ್ನಡಕ ಹಣೆಗೇರಿಸಿದರು, ಇನ್ನೊಂದ್ಸಲ ಬಿಡು ಅಂದರು, ಬಿಟ್ಟೆ, ನಿಂತಿತು, ನೀರು ಬದಲಾಯ್ಸು, ಬದಲಾಯಿಸಿದೆ, ನಿಂತಿತು, ಬಯ್ಯುತ್ತಾರೆ ಅಂದುಕೊಂಡೆ, ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು, ಮೇಜಿಗೆ ಎರಡೂ ಕೈ ಊರಿ ಬಗ್ಗಿದರು, ಅರವತ್ತೈದರ ಮನುಷ್ಯ, ಮುಖ ನೀರಿನ ಹತ್ತಿರ ತಂದು, ತುಟಿ ಕೂಡಿಸಿ, ಮೆಲ್ಲಗೆ ಊದಿದರು — ಕೆಂಪು ದೋಣಿ ಒಂದು ಬೆರಳು ಮುಂದೆ ಸರಿಯಿತು, ನಿಂತಿತು, ಮತ್ತೆ ಊದಿದರು, ಒಂದು ಬೆರಳು, ನಿಂತಿತು, ಮತ್ತೆ ಊದಿದರು